ಅಪ್ಪನಿಗೆ ತಲೆ ತಿರುಗದ ಕ್ಯಾಮೆರಾ

ಮೂರು ತಿಂಗಳಿಂದ ನನ್ನ ಬ್ರೌಸರಿನಲ್ಲಿ ಹದಿನಾಲ್ಕು ಟ್ಯಾಬುಗಳು ತೆರೆದುಕೊಂಡೇ ಇದ್ದವು. ಎಲ್ಲವೂ ಆಕ್ಷನ್ ಕ್ಯಾಮೆರಾಗಳವೇ. ಆಫೀಸಿನಲ್ಲಿ ಬಿಲ್ಡ್ ಓಡುವಾಗ ಒಂದು ರಿವ್ಯೂ, ಊಟಕ್ಕೆ ಏಳುವ ಮುಂಚೆ ಒಂದು, ರಾತ್ರಿ ಮಲಗುವಾಗ ಇನ್ನೆರಡು.. ಕೊನೆಗೆ ಪಕ್ಕದ ಸೀಟಿನ ಗೆಳೆಯ "ಲೋ, ಹುಡುಗಿ ನೋಡೋಕೂ ಜನ ಇಷ್ಟು ಟೈಮ್ ತಗೊಳಲ್ವಲ್ಲೋ" ಅಂದ. ಅವನಿಗೇನು ಗೊತ್ತು? ನನ್ನ ಬಜೆಟ್ಟು ಹದಿನೈದು ಸಾವಿರ. ಇದರಲ್ಲಿ ತೆಗೆದ ವಿಡಿಯೋ ನೋಡಬೇಕಾದವರು ನಮ್ಮಪ್ಪ.

ಮೊದಲು ಅಪ್ಪನ ವಿಷಯ ಹೇಳಿಬಿಡ್ತೀನಿ. ನಮ್ಮದು ಮೂಡಿಗೆರೆ ಹತ್ತಿರ. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಅಮ್ಮನ ತವರು ಘಟ್ಟದ ಕೆಳಗೆ, ಉಜಿರೆ ಕಡೆ. ಹಾಗಾಗಿ ಮದುವೆಯಾದ ಲಾಗಾಯ್ತಿನಿಂದ ಅಪ್ಪನಿಗೆ ಚಾರ್ಮಾಡಿ ಘಾಟಿ ಅಂದರೆ ಮಾವನ ಮನೆಗೆ ಹೋಗುವ ದಾರಿ, ಅಷ್ಟೇ. ಹೋಗುತ್ತಿದ್ದುದು ಯೆಜ್ಡಿಯಲ್ಲಿ. ಕಿಕ್ ಹೊಡೆಯುವ ಲಿವರನ್ನೇ ಮಡಚಿ ಗೇರ್ ಮಾಡಿಕೊಳ್ಳುವ ಆ ಗಾಡಿ, ಅದರ ಜೋಡಿ ಸೈಲೆನ್ಸರು, ಪೆಟ್ರೋಲಿನ ಜತೆ ಆಯಿಲ್ ಬೆರೆಸಿದ ಆ ಹೊಗೆಯ ವಾಸನೆ.. ನನಗೆ ನೆನಪಿರುವ ಮೊದಲ ವಾಸನೆಯೇ ಅದು ಅನ್ನಿಸುತ್ತೆ.

ಎರಡು ವರ್ಷದ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಯ್ತು. ಮಾತು ವಾಪಸ್ ಬಂತು, ನಡಿಗೆ ಮುಕ್ಕಾಲು ಬಂತು, ಎಡಗೈ ಮಾತ್ರ ಕ್ಲಚ್ ಹಿಡಿಯುವಷ್ಟು ಬರಲಿಲ್ಲ. ಜತೆಗೆ ತಲೆಸುತ್ತು. ಒಮ್ಮೆ ಕಾರಿನಲ್ಲಿ ಕೂರಿಸಿಕೊಂಡು ಉಜಿರೆಗೆ ಹೊರಟೆ. ಬಣಕಲ್ ದಾಟುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡು ಸೀಟಿಗೆ ಒರಗಿಬಿಟ್ಟರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿಸಿ ವಾಪಸ್ ಕರೆದುಕೊಂಡು ಬಂದೆ. ಘಾಟಿಯ ಒಂದು ತಿರುವೂ ನೋಡಲಿಲ್ಲ. 2019ರ ಆಗಸ್ಟ್ ಮಳೆಗೆ ಅಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತಲ್ಲ, ಆಮೇಲೆ ಅಪ್ಪ ಆ ದಾರಿಯಲ್ಲಿ ಹೋಗಿಯೇ ಇಲ್ಲ. "ಆ ದೊಡ್ಡ ತಿರುವಿನ ಹತ್ರ ಗೋಡೆ ಕಟ್ಟಿದಾರಂತೆ, ಹೌದಾ?" ಅಂತ ಫೋನಿನಲ್ಲಿ ಕೇಳ್ತಾ ಇರ್ತಾರೆ. ನಾನು ಹೌದು ಅಂತೀನಿ. ಯಾವ ದೊಡ್ಡ ತಿರುವು ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಸರಿ, ನಾನೇ ಬೈಕಿನಲ್ಲಿ ಹೋಗಿ ತೆಗೆದುಕೊಂಡು ಬಂದು ತೋರಿಸೋಣ ಅಂತ ತಲೆಗೆ ಹೊಕ್ಕಿತು.

ಮೊದಲ ಪ್ರಯೋಗ ಫೋನಿನಲ್ಲಿ. ಹ್ಯಾಂಡಲ್‌ಗೆ ಹೋಲ್ಡರ್ ಹಾಕಿ ಫೋನ್ ಸಿಕ್ಕಿಸಿ ಒಂದು ಭಾನುವಾರ ನೆಲಮಂಗಲ, ಕುಣಿಗಲ್ ಕಡೆ ಹೋಗಿ ಬಂದೆ. ಬಂದ ಮೇಲೆ ನೋಡಿದರೆ ವಿಡಿಯೋ ಜೆಲ್ಲಿಯ ಹಾಗೆ ತೊನೆಯುತ್ತಿದೆ. ಅದು ಹೋಗಲಿ, ಅವತ್ತಿನಿಂದ ಫೋನಿನ ಕ್ಯಾಮೆರಾ ಸುಮ್ಮನೆ ಮೇಜಿನ ಮೇಲಿಟ್ಟರೂ ಫೋಕಸ್ ಆಗಲಾರದೆ ಗಡಗಡ ನಡುಗಲು ಶುರುವಾಯ್ತು. ಆಮೇಲೆ ಹುಡುಕಿದಾಗ ಗೊತ್ತಾಗಿದ್ದು, ಈಗಿನ ಎಷ್ಟೋ ಫೋನುಗಳಲ್ಲಿ ಕೈನಡುಕ ಸರಿಮಾಡಲು ಲೆನ್ಸನ್ನೇ ಅಲ್ಲಾಡಿಸುವ ಪುಟ್ಟ ವ್ಯವಸ್ಥೆ ಇರುತ್ತೆ. ದೊಡ್ಡ ಎಂಜಿನ್ನಿನ ಬೈಕಿನ ಕಂಪನಕ್ಕೆ ಅದು ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ನನ್ನದು ಐಫೋನ್ ಅಲ್ಲ, ಆದರೆ ನಡುಕಕ್ಕೆ ಬ್ರ್ಯಾಂಡಿನ ಭೇದವಿಲ್ಲ :-)

ಎರಡನೆಯದು, ಗೆಳೆಯನೊಬ್ಬ ಕೊಟ್ಟ ಐದು ಸಾವಿರದ ಕ್ಯಾಮೆರಾ. ಡಬ್ಬದ ಮೇಲೆ ದೊಡ್ಡದಾಗಿ 4ಕೆ ಅಂತ ಬರೆದಿತ್ತು. 4ಕೆ ಅಂದರೆ 3840 ಗುಣಿಸು 2160, ಹೆಚ್ಚುಕಡಿಮೆ 83 ಲಕ್ಷ ಪಿಕ್ಸೆಲ್. ಆ ಕ್ಯಾಮೆರಾದ ಸೆನ್ಸರಿನಲ್ಲಿ ಇದ್ದದ್ದೇ 40 ಲಕ್ಷ! ಉಳಿದದ್ದನ್ನು ಅದು ಊಹಿಸಿ ತುಂಬುತ್ತೆ, ಹಾಲಿಗೆ ನೀರು ಸೇರಿಸಿದ ಹಾಗೆ. ಅದನ್ನು ಹೆಲ್ಮೆಟ್ಟಿಗೆ ಅಂಟಿಸಿಕೊಂಡು ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ತೆಗೆದು, ಪೆನ್ ಡ್ರೈವಿಗೆ ಹಾಕಿ, ಮನೆಯ ಟಿವಿಯಲ್ಲಿ ಅಪ್ಪನಿಗೆ ತೋರಿಸಿದೆ. ಅಪ್ಪ ಎರಡು ನಿಮಿಷ ನೋಡಿದರು. ಆಮೇಲೆ ಬಲಗೈ ಎತ್ತಿ, "ನಿಲ್ಸು ಮಾರಾಯ, ಕಾರೇ ವಾಸಿ ಇತ್ತು" ಅಂದರು.

ಅವತ್ತು ನನ್ನ ಹದಿನಾಲ್ಕು ಟ್ಯಾಬುಗಳಲ್ಲಿ ಒಂಬತ್ತು ಮುಚ್ಚಿಹೋದವು.

ಯಾಕೆಂದರೆ ಅಲ್ಲಿಯವರೆಗೆ ನಾನು ನೋಡುತ್ತಿದ್ದುದು ಪಿಕ್ಸೆಲ್ಲು, ಎಷ್ಟು ಮೀಟರ್ ನೀರಿನೊಳಗೆ ತಡೆಯುತ್ತೆ, ಡಬ್ಬದಲ್ಲಿ ಎಷ್ಟು ಸ್ಟ್ಯಾಂಡು ಕೊಡ್ತಾರೆ, ಇಂಥವನ್ನೇ. ನಮ್ಮ ಮನೆಯ ಟಿವಿ 32 ಇಂಚಿನದು, ಅದರಲ್ಲಿ ಫುಲ್ ಎಚ್‌ಡಿ ಕೂಡ ಇಲ್ಲ. ಅದಕ್ಕೆ 4ಕೆ ಯಾಕೆ? ಬೇಕಾಗಿದ್ದುದು ಒಂದೇ: ಚಿತ್ರ ಅಲ್ಲಾಡಬಾರದು. ಕಣ್ಣು ಚಲಿಸ್ತಾ ಇದೀವಿ ಅನ್ನುತ್ತೆ, ಕಿವಿಯೊಳಗಿನ ಸಮತೋಲನದ ಅಂಗ ಇಲ್ಲ ಕುಳಿತೇ ಇದೀವಿ ಅನ್ನುತ್ತೆ, ಈ ಜಗಳದಲ್ಲಿ ಹೊಟ್ಟೆ ತೊಳಸುತ್ತೆ. ಆರೋಗ್ಯವಾಗಿರುವವರಿಗೇ ಆಗುತ್ತೆ, ಇನ್ನು ಅಪ್ಪನಿಗೆ..

ಅಲ್ಲಾಡದ ಹಾಗೆ ಮಾಡುವುದಕ್ಕೆ ಈ ಪುಟ್ಟ ಕ್ಯಾಮೆರಾಗಳು ಮಾಡುವ ಉಪಾಯ ಚೆನ್ನಾಗಿದೆ. ಒಳಗೊಂದು ಜೈರೋಸ್ಕೋಪ್ ಇರುತ್ತೆ. ಕ್ಯಾಮೆರಾ ಎತ್ತ, ಎಷ್ಟು ತಿರುಗಿತು ಅಂತ ಸೆಕೆಂಡಿಗೆ ನೂರಾರು ಸಲ ಅಳೆಯುತ್ತೆ. ಚಿತ್ರದ ಅಂಚನ್ನು ಸ್ವಲ್ಪ ಕತ್ತರಿಸಿ ಉಳಿಸಿಕೊಂಡು, ಕ್ಯಾಮೆರಾ ಎಡಕ್ಕೆ ವಾಲಿದರೆ ಚಿತ್ರವನ್ನು ಬಲಕ್ಕೆ ಸರಿಸುತ್ತೆ. ಗೋಪ್ರೋದವರು 2018ರ ಹೀರೋ7 ಬ್ಲ್ಯಾಕಿನಲ್ಲಿ ಇದನ್ನು ಹೈಪರ್‌ಸ್ಮೂತ್ ಅಂತ ಕರೆದರು, ಡಿಜೆಐನವರು 2019ರ ಆಸ್ಮೋ ಆ್ಯಕ್ಷನ್ನಿನಲ್ಲಿ ರಾಕ್‌ಸ್ಟೆಡಿ ಅಂದರು. ಅಗ್ಗದ ಕ್ಯಾಮೆರಾಗಳ ಡಬ್ಬದ ಮೇಲೂ ಇಐಎಸ್ ಅಂತ ಬರೆದಿರುತ್ತೆ, ಆದರೆ ಎಷ್ಟೋ ಕಡೆ 1080ಪಿಯಲ್ಲಿ ಕೆಲಸ ಮಾಡಿದ್ದು ಮೇಲಿನ ಮೋಡಿನಲ್ಲಿ ಮಾಡುವುದಿಲ್ಲ. ಮಾಡಿದರೂ ಗುಂಡಿ ಬಂದಾಗ ಕೈಬಿಡುತ್ತೆ. ನಮ್ಮ ರಸ್ತೆಯಲ್ಲಿ ಗುಂಡಿ ಬರದೇ ಇರುವುದು ಯಾವಾಗ?

ಹೊಸದರಲ್ಲಿ 2024ರ ಪುಟ್ಟ ಗೋಪ್ರೋ ಹೀರೋ ಕಣ್ಣಿಗೆ ಬಿತ್ತು. ಆಸೆಯಾಯ್ತು. ಓದುತ್ತಾ ಹೋದರೆ ಅದರಲ್ಲಿ ನಡುಕ ಸರಿಮಾಡುವ ಕೆಲಸ ಕ್ಯಾಮೆರಾದೊಳಗೆ ಆಗುವುದಿಲ್ಲ, ಆಮೇಲೆ ಫೋನಿನ ಆ್ಯಪಿಗೆ ಹಾಕಿಕೊಂಡೇ ಮಾಡಬೇಕು. ಬ್ಯಾಟರಿಯನ್ನೂ ಬಿಚ್ಚಲು ಬರುವುದಿಲ್ಲ. ಬೇಡ ಅನ್ನಿಸಿತು. ಹದಿನೈದು ಸಾವಿರದೊಳಗೆ ಹೊಸ ಸಾಧಾರಣದ್ದು ಬೇಕೋ, ಹಳೆಯ ಒಳ್ಳೆಯದು ಬೇಕೋ ಅಂದರೆ ನನ್ನ ಓಟು ಸೆಕೆಂಡ್ ಹ್ಯಾಂಡಿಗೆ. ಅಪ್ಪನ ಯೆಜ್ಡಿಯೂ ಸೆಕೆಂಡ್ ಹ್ಯಾಂಡೇ.

ಕೊನೆಗೆ ಹೀರೋ7, ಹೀರೋ8, ಆಸ್ಮೋ ಆ್ಯಕ್ಷನ್ ಮೂರೇ ಉಳಿದವು. ಹೀರೋ8ರ ಮುಂದಿನ ಗಾಜು ಬಿಚ್ಚಿ ಬದಲಾಯಿಸಲು ಬರುವುದಿಲ್ಲ. ಮುಂದಿನ ಲಾರಿಯಿಂದ ಒಂದು ಕಲ್ಲು ಹಾರಿದರೆ ಕತೆ ಮುಗೀತು. ಹೀರೋ7 ಕೆಲವು ಮೋಡುಗಳಲ್ಲಿ ಎಚ್‌ಇವಿಸಿಯಲ್ಲಿ ರೆಕಾರ್ಡ್ ಮಾಡುತ್ತೆ, ಅದನ್ನು ನಮ್ಮ ಟಿವಿ ಮೂಸಿಯೂ ನೋಡುವುದಿಲ್ಲ. ಆಸ್ಮೋ ಆ್ಯಕ್ಷನ್ನಿನದು ಹಳೆಯ ಎಚ್.264, ಗಾಜನ್ನು ತಿರುಗಿಸಿ ಬಿಚ್ಚಬಹುದು, ಬ್ಯಾಟರಿ ಬದಲಾಯಿಸಬಹುದು. ಮುಂದುಗಡೆಯೂ ಒಂದು ಪುಟ್ಟ ಸ್ಕ್ರೀನ್ ಇದೆ. ವಿಜಯನಗರದ ಹುಡುಗನೊಬ್ಬ ಲಡಾಖಿಗೆ ಅಂತ ತಗೊಂಡು, ಬಂದ ಮೇಲೆ ಕಪಾಟಿನಲ್ಲಿ ಇಟ್ಟಿದ್ದ. ಹನ್ನೊಂದೂವರೆ ಸಾವಿರಕ್ಕೆ ಒಪ್ಪಿದ. ಬ್ಯಾಟರಿ ಊದಿಕೊಂಡಿದೆಯಾ, ಗಾಜಿನ ಮೇಲೆ ಗೀರು ಇದೆಯಾ, ಪಕ್ಕದ ಮುಚ್ಚಳ ಸರಿಯಾಗಿ ಕೂರುತ್ತಾ ನೋಡಿದೆ. ಆಮೇಲೆ ರೆಕಾರ್ಡ್ ಒತ್ತಿಕೊಂಡು ಅವರ ಮನೆಯ ಮೆಟ್ಟಿಲನ್ನು ಮೂರು ಸಲ ಓಡಿ ಹತ್ತಿ ಇಳಿದೆ. ಅವನ ಅಮ್ಮ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು.

ಮೆಮೊರಿ ಕಾರ್ಡಿನಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ. ಈ ಕ್ಯಾಮೆರಾ ಹೆಚ್ಚೆಂದರೆ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತೆ, ಅಂದರೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ವಿ30 ಅಂತ ಗುರುತಿರುವ ಕಾರ್ಡು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯಲೇಬೇಕು, ಧಾರಾಳ ಸಾಕು. ಬೀದಿಯಲ್ಲಿ ಅರ್ಧ ರೇಟಿಗೆ ಸಿಗುವ ಕಾರ್ಡುಗಳ ಸಹವಾಸ ಬೇಡ, ಎಷ್ಟೋ ಸಲ 64 ಜಿಬಿ ಅಂತ ಬರೆದದ್ದರೊಳಗೆ ಎಂಟೋ ಹದಿನಾರೋ ಇರುತ್ತೆ.

ಇನ್ನು ಎಲ್ಲಿ ಕಟ್ಟಿಕೊಳ್ಳುವುದು? ಹೆಲ್ಮೆಟ್ಟಿನ ಗಲ್ಲದ ಹತ್ತಿರ ಇಟ್ಟರೆ ನೋಟ ಚೆನ್ನಾಗಿರುತ್ತೆ ಅಂತ ಎಲ್ಲರೂ ಹೇಳ್ತಾರೆ. ನನಗೆ ಹೆಲ್ಮೆಟ್ಟಿನ ಹೊರಗೆ ಗಟ್ಟಿ ವಸ್ತು ಅಂಟಿಸುವುದು ಅಷ್ಟು ಸರಿಕಾಣಲಿಲ್ಲ. ಕೇರಳದ ಮೋಟಾರು ವಾಹನ ಇಲಾಖೆಯವರು 2022ರಲ್ಲಿ ಇದಕ್ಕೇ ದಂಡ ಹಾಕ್ತೀವಿ ಅಂದಿದ್ದರು. ಅದಕ್ಕಿಂತ ದೊಡ್ಡ ಕಾರಣ ಅಪ್ಪ. ಬೈಕ್ ಓಡಿಸುವಾಗ ನಾವು ಕನ್ನಡಿ ನೋಡ್ತೀವಿ, ಪಕ್ಕ ನೋಡ್ತೀವಿ, ತಲೆ ಒಂದು ಕಡೆ ನಿಲ್ಲುವುದೇ ಇಲ್ಲ. ಹೆಲ್ಮೆಟ್ಟಿನ ಕ್ಯಾಮೆರಾವೂ ಜತೆಗೆ ತಿರುಗುತ್ತೆ. ಅದು ನಡುಕ ಅಲ್ಲ, ನಾವೇ ಬೇಕಂತ ತಿರುಗಿದ್ದು, ಯಾವ ಜೈರೋಸ್ಕೋಪೂ ಅದನ್ನು ತಡೆಯಲ್ಲ. ಎದೆಗೆ ಕಟ್ಟುವ ಬೆಲ್ಟಿನಲ್ಲಾದರೆ ಎದೆ ನೆಟ್ಟಗೆ ರಸ್ತೆಯನ್ನೇ ನೋಡ್ತಾ ಇರುತ್ತೆ. ಎಂಜಿನ್ನಿನ ನಡುಕವನ್ನೂ ಮೈ ಹೀರಿಕೊಳ್ಳುತ್ತೆ. ಕೆಳಗೆ ಹ್ಯಾಂಡಲ್ಲು, ನನ್ನ ಎರಡು ಕೈ ಕಾಣುತ್ತೆ. ಬೆಲ್ಟಿಗೆ ನಾನ್ನೂರು ರೂಪಾಯಿ. ಮೊದಲ ದಿನ ಕ್ಯಾಮೆರಾವನ್ನು ಸಾಕಷ್ಟು ಮೇಲಕ್ಕೆ ಓರೆ ಮಾಡದೆ ಹೋಗಿ ಒಂದು ಗಂಟೆ ಬರೀ ಪೆಟ್ರೋಲ್ ಟ್ಯಾಂಕ್ ರೆಕಾರ್ಡ್ ಮಾಡಿಕೊಂಡು ಬಂದೆ, ಅದನ್ನು ಯಾರಿಗೂ ತೋರಿಸಿಲ್ಲ.

ಹೋದ ತಿಂಗಳು ಸೋಮವಾರಕ್ಕೊಂದು ರಜೆ ಹಾಕಿ ಊರಿಗೆ ಹೋದೆ. ಶನಿವಾರ ಬೆಳಿಗ್ಗೆ ಆರೂವರೆಗೇ ಘಾಟಿ ಇಳಿದೆ. ಮಂಜು, ಮರದ ನೆರಳು, ಸ್ವರ್ಗ. ಉಜಿರೆಯಲ್ಲಿ ಮಾವನ ಮನೆಗೆ ಹೋಗಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಕೆಟ್ಟಿದೆ. ಚಿತ್ರ ಅಲ್ಲಾಡುವುದಿಲ್ಲ, ಆದರೆ ನಿಂತಲ್ಲೇ ಕಲಸಿ ಕಲಸಿ ಹೋಗುತ್ತೆ. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತೆ. ಅಷ್ಟರಲ್ಲಿ ಆದ ಅಲುಗಾಟ ಆ ಚಿತ್ರದೊಳಗೇ ಬಳಿದುಕೊಂಡಿರುತ್ತೆ. ಆಮೇಲೆ ಚಿತ್ರವನ್ನು ಎತ್ತ ಸರಿಸಿದರೂ ಬಳಿದದ್ದು ಹೋಗಲ್ಲ. ಇದನ್ನು ಓದಿ ತಿಳಿದುಕೊಂಡೇ ಇದ್ದೆ, ಮಂಜು ನೋಡಿ ಮರೆತೆ.

ಭಾನುವಾರ ಬಿಸಿಲು ಬಿಟ್ಟ ಮೇಲೆ, ಹತ್ತು ಗಂಟೆಗೆ ಕೊಟ್ಟಿಗೆಹಾರದಿಂದ ಮತ್ತೆ ಇಳಿದೆ. ಶಬ್ದಕ್ಕೆ ಬೇರೆ ಏರ್ಪಾಡು ಮಾಡಿಕೊಂಡಿದ್ದೆ. ಗಾಳಿ ಬಡಿದರೆ ಕ್ಯಾಮೆರಾದ ಮೈಕಿಗೆ ಬರೀ ಭರ್ರ್ ಅನ್ನುವುದೊಂದೇ ಕೇಳುವುದು, ಹೊರಗಿನ ಮೈಕ್ ಸಿಕ್ಕಿಸುವ ಅಡಾಪ್ಟರಿಗೆ ದುಡ್ಡು ಉಳಿದಿರಲಿಲ್ಲ. ಹಾಗಾಗಿ ಕಾಲರಿಗೆ ಸಿಕ್ಕಿಸುವ ಪುಟ್ಟ ಮೈಕನ್ನು ಜಾಕೆಟ್ಟಿನ ಒಳಗೆ ಇಟ್ಟು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಹೊರಡುವ ಮುಂಚೆ ಒಂದು ಸಲ ಹಾರ್ನ್. ಆ ಹಾರ್ನ್ ಎರಡರಲ್ಲೂ ಇರುತ್ತೆ, ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಒಂದರ ಮೇಲೊಂದು ಕೂರಿಸಿದರೆ ಆಯ್ತು.

ಸಂಜೆ ಟಿವಿಗೆ ಹಾಕಿದೆ. ಅಪ್ಪ ಮೊದಲ ಎರಡು ನಿಮಿಷ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನು ಟಿವಿ ನೋಡಲಿಲ್ಲ, ಅವರ ಮುಖವನ್ನೇ ನೋಡ್ತಾ ರಿಮೋಟ್ ಹಿಡಿದು ಕುಳಿತಿದ್ದೆ. ಮೂರು ನಿಮಿಷ ಆಯ್ತು. ಐದು ಆಯ್ತು. ಕೈ ಎತ್ತಲಿಲ್ಲ.

"ಥರ್ಡ್ ಹಾಕೋ" ಅಂದರು ಇದ್ದಕ್ಕಿದ್ದ ಹಾಗೆ, ಟಿವಿಗೆ.

ಟಿವಿಯಲ್ಲಿ ನಾನು ಥರ್ಡ್ ಹಾಕಿದೆ. ಜಾಕೆಟ್ಟಿನೊಳಗಿನ ಮೈಕಿನಲ್ಲಿ ಎಂಜಿನ್ನಿನ ಸದ್ದು ಚೆನ್ನಾಗಿ ಬಂದಿತ್ತು.

ಗೋಡೆ ಕಟ್ಟಿದ ತಿರುವು ಬಂತು. ಎರಡು ಸಲ ಹಿಂದಕ್ಕೆ ಓಡಿಸಿ ತೋರಿಸಿದೆ. "ಇಲ್ಲೇ ಅಲ್ವಾ ನಮ್ಮ ಗಾಡಿ ಚೈನ್ ಕಟ್ಟಾಗಿದ್ದು?" ಅಂದರು ಅಪ್ಪ. ಅಮ್ಮ ಅಡುಗೆಮನೆಯಿಂದ ಬಂದು ಸೆರಗಿನಲ್ಲಿ ಕೈ ಒರೆಸುತ್ತಾ ನೋಡಿ, "ಅಲ್ಲ, ಅದು ಅಣ್ಣಪ್ಪಸ್ವಾಮಿ ಗುಡಿಯಿಂದ ಕೆಳಗೆ. ನನಗೆ ಗೊತ್ತಿಲ್ವಾ, ಗುಡಿವರೆಗೆ ನಡೆಸಿದ್ರಿ ನನ್ನ, ಇವನು ಹೊಟ್ಟೇಲಿದ್ದ" ಅಂದಳು. ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಗುಡಿ ಬರುವವರೆಗೆ ಇಬ್ಬರೂ ಜಗಳ ಆಡಿದರು. ಗುಡಿ ಬಂದಾಗ ಅಪ್ಪ ಬಲಗೈಯನ್ನು ಎದೆಗೆ ಮುಟ್ಟಿಸಿಕೊಂಡರು.

ವಿಡಿಯೋ ಮುಗಿಯಿತು. ತಲೆ ತಿರುಗ್ತಾ ಅಂತ ಕೇಳಿದೆ.

"ಇಳಿದಿದ್ದಾಯ್ತು. ಹತ್ತಿದ್ದು ಎಲ್ಲಿ?"

ಹತ್ತಿದ್ದು ಇಲ್ಲ. ಊಟದ ಹೊತ್ತಿನಲ್ಲಿ ಮಾವನ ಮೊಮ್ಮಕ್ಕಳು ಆ ಮುಂದಿನ ಸ್ಕ್ರೀನಿನಲ್ಲಿ ಮುಖ ನೋಡಿಕೊಂಡು ಆಡುತ್ತಾ ಬ್ಯಾಟರಿ ಖಾಲಿ ಮಾಡಿದ್ದರು, ಚಾರ್ಮಾಡಿ ಊರು ದಾಟಿ ಮೂರನೇ ತಿರುವಿಗೆ ಕ್ಯಾಮೆರಾ ಆಫ್ ಆಗಿತ್ತು. ಹಾಗಂತ ಹೇಳಿದೆ.

"ಹತ್ತುವಾಗಲೇ ಮಾರಾಯ ಗಾಡಿ ಏನು ಅಂತ ಗೊತ್ತಾಗೋದು" ಅಂದರು ಅಪ್ಪ.

ಇನ್ನೊಂದು ಬ್ಯಾಟರಿ ಆರ್ಡರ್ ಮಾಡಿದೀನಿ. ಗುರುವಾರ ಬರುತ್ತಂತೆ.