ಎದುರಿಗೆ ಯಾರಿದ್ದರು?

ಒಬ್ಬನು ಗೆದ್ದು ಬಂದನೆಂದು ಕೇಳಿದೊಡನೆಯೇ "ಎದುರಿಗೆ ಯಾರಿದ್ದರು?" ಎಂದು ಕೇಳುವುದು ನಮ್ಮ ಜನರಲ್ಲಿ ಒಂದು ವಾಡಿಕೆಯಾಗಿ ಹೋಗಿದೆ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅನೇಕ ವೇಳೆ ಅದು ತಿಳಿಯಬೇಕೆಂಬ ಕುತೂಹಲದಿಂದ ಹುಟ್ಟಿದುದಾಗಿರುವುದಿಲ್ಲ; ಗೆದ್ದವನ ಪಾಲಿನಿಂದ ಒಂದಿಷ್ಟನ್ನು ಕಳೆದುಬಿಡಬೇಕೆಂಬ ಬಯಕೆಯಿಂದ ಹುಟ್ಟಿದುದಾಗಿರುತ್ತದೆ. ಇದೇ ಪ್ರಶ್ನೆಯನ್ನು ಹಿಂದೊಮ್ಮೆ ನಾವೂ ಕೇಳಿ, ಅದರ ಫಲವನ್ನು ನಮ್ಮ ಮನೆಯಲ್ಲಿಯೇ ಕಂಡವರು. ಆದಕಾರಣ ಈ ವಿಷಯದಲ್ಲಿ ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದಿಡುವ ಧೈರ್ಯ ಮಾಡಿದ್ದೇವೆ.

ನಾವಿರುವುದು ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ಉಲ್ಲಾಳದಲ್ಲಿ. ಕೆರೆಯೊಂದು ಇನ್ನೂ ಉಳಿದುಕೊಂಡಿರುವುದರಿಂದ ಹಳ್ಳಿಯಾಗಿದ್ದ ನೆನಪು ಪೂರ್ತಿಯಾಗಿ ಅಳಿದಿಲ್ಲ. ಉಳಿದಂತೆ ಬಡಾವಣೆಯ ಮೇಲೆ ಬಡಾವಣೆ ಬೆಳೆದು ನಗರವೇ ಆಗಿದೆ. ಸಂಜೆಯಾಯಿತೆಂದರೆ ನಮ್ಮ ಬೀದಿಯ ಮಕ್ಕಳು ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದ ಗೆರೆಗಳನ್ನೆಳೆದು ಷಟಲ್ ಆಡತೊಡಗುತ್ತಾರೆ. ಕಾರು ಬಂದರೆ ಹಗ್ಗವನ್ನು ಬಿಚ್ಚಿ ದಾರಿ ಬಿಟ್ಟು, ಅದು ಹೋದ ಮೇಲೆ ಆಟವನ್ನು ಮುಂದುವರಿಸುತ್ತಾರೆ. ಕಳೆದ ತಿಂಗಳು ಒಂದು ಭಾನುವಾರ ಬಡಾವಣೆಯ ಹುಡುಗರಿಗೆಲ್ಲ ಪಂದ್ಯ ಏರ್ಪಟ್ಟಿತ್ತು. ಹನ್ನೆರಡು ವರ್ಷದ ನಮ್ಮ ಮೊಮ್ಮಗನು ಅದರಲ್ಲಿ ಗೆದ್ದು, ಗೇಣುದ್ದದ ಒಂದು ಕಪ್ಪನ್ನು ಎದೆಗವಚಿಕೊಂಡು ಮನೆಗೆ ಬಂದನು.

ಆ ಹೊತ್ತಿಗೆ ಜಗಲಿಯ ಮೇಲೆ ನಮ್ಮ ಸೋದರಳಿಯನು ನಮ್ಮೊಡನೆ ಕಾಫಿ ಕುಡಿಯುತ್ತ ಕುಳಿತಿದ್ದನು. ಬಹಳ ಓದಿದವನು, ಅಂಕಿ ಅಂಶಗಳಲ್ಲಿ ಗಟ್ಟಿಗ, ಕೆಟ್ಟ ಮನಸ್ಸಿನವನಂತೂ ಅಲ್ಲ. ಹುಡುಗನಿಗೆ ಇನ್ನಷ್ಟು ಹುರುಪು ಬರಲೆಂದು ನಾವು ಪ್ರಕಾಶ್ ಪಡುಕೋಣೆಯವರ ಕಥೆಯನ್ನು ಎತ್ತಿಕೊಂಡೆವು. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ ಅವರು ಬಾಲಕನಾಗಿ ಆಟ ಕಲಿತುದು, ಅದು ಮದುವೆಗಳಿಗೂ ಕೊಡುತ್ತಿದ್ದ ಜಾಗವಾದುದರಿಂದ ಲಗ್ನವಿದ್ದ ದಿನ ಆಟವಿಲ್ಲದಿದ್ದುದು, ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಗಾಗಿ ದುಡಿದ ತಂದೆ ರಮೇಶ್ ಪಡುಕೋಣೆಯವರು ಮಗನನ್ನು ತಿದ್ದಿದುದು, ೧೯೭೧ರಲ್ಲಿ ಹದಿನಾರರ ಹುಡುಗನು ಕಿರಿಯರ ಮತ್ತು ಹಿರಿಯರ ರಾಷ್ಟ್ರೀಯ ಪ್ರಶಸ್ತಿಗಳೆರಡನ್ನೂ ಒಂದೇ ಸಲ ಗೆದ್ದುದು, ಅಲ್ಲಿಂದ ೧೯೭೯ರವರೆಗೆ ಒಂಬತ್ತು ಸಲ ಎಡೆಬಿಡದೆ ಹಿರಿಯರ ಪ್ರಶಸ್ತಿಯನ್ನು ಉಳಿಸಿಕೊಂಡುದು, ೧೯೭೮ರಲ್ಲಿ ಕೆನಡಾ ದೇಶದ ಎಡ್ಮಂಟನ್ನಿನಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳ ಚಿನ್ನವನ್ನು ತಂದುದು, ಕೊನೆಗೆ ೧೯೮೦ರ ಮಾರ್ಚಿಯಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಪಡೆದ ಮೊದಲನೆಯ ಭಾರತೀಯನೆನಿಸಿದುದು, ಇವನ್ನೆಲ್ಲ ಕ್ರಮವಾಗಿ ಹೇಳಿದೆವು.

ಸೋದರಳಿಯನು ಲೋಟವನ್ನು ಕೆಳಗಿಟ್ಟು, "ಅದೆಲ್ಲ ಸರಿ ಮಾವ. ಆದರೆ ಎದುರಿಗೆ ಯಾರಿದ್ದರು? ಚೀನದವರು ಆಗ ಆ ಪಂದ್ಯಕ್ಕೆ ಬರುತ್ತಲೇ ಇರಲಿಲ್ಲ. ಹಾರ್ಟೊನೊ ಆ ಹೊತ್ತಿಗೆ ಹಳೆಯ ಹುಲಿ. ನಮ್ಮ ದೇಶದಲ್ಲಂತೂ ಅವರಿಗೆ ಸಾಟಿಯೇ ಇರಲಿಲ್ಲ. ಒಂಬತ್ತು ಸಲ ಗೆದ್ದುದು ಏನು ದೊಡ್ಡದು? ನೀವು ಅಭಿಮಾನದಿಂದ ಹೇಳುತ್ತೀರಿ, ಅಷ್ಟೆ" ಎಂದನು.

ನಾವು ಉತ್ತರ ಕೊಡುವ ಮೊದಲೇ ಮೊಮ್ಮಗನು, "ತಾತ, ನಮ್ಮ ಪಂದ್ಯಕ್ಕೂ ಹಿಂದಿನ ಬೀದಿಯ ದೊಡ್ಡ ಹುಡುಗ ಬಂದಿರಲಿಲ್ಲ. ಅವನು ಊರಿಗೆ ಹೋಗಿದ್ದ" ಎಂದು ಮೆಲ್ಲನೆ ನುಡಿದು, ಕೈಯಲ್ಲಿದ್ದ ಕಪ್ಪನ್ನು ಹಳೆಯ ಪತ್ರಿಕೆಗಳ ಅಟ್ಟಿಯ ಹಿಂದೆ ಇಟ್ಟುಬಿಟ್ಟನು. ಆಗ ಸುಮ್ಮನಿರುವುದು ನಮಗೆ ಸಾಧ್ಯವಾಗಲಿಲ್ಲ.

ಮೊದಲನೆಯ ಮಾತು ನಮ್ಮ ದೇಶದ ಪ್ರಶಸ್ತಿಗಳನ್ನು ಕುರಿತದ್ದು. ಒಂಬತ್ತು ವರ್ಷಗಳಲ್ಲಿ ಕೆಲವು ವರ್ಷ ಪ್ರಕಾಶರಿಗೆ ಸರಿಸಮನಾದವರು ಇಲ್ಲಿ ದೊರೆಯಲಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅಗ್ರಸ್ಥಾನದಲ್ಲಿರುವವನ ಆಟವನ್ನು ಉಳಿದವರೆಲ್ಲರೂ ವರ್ಷವಿಡೀ ಅಭ್ಯಾಸ ಮಾಡುತ್ತಾರೆ. ಅವನನ್ನು ಸೋಲಿಸಿದರೆ ಸಾಕು, ಜೀವಮಾನದ ಹೆಸರು. ಹಾಗಿರುವಲ್ಲಿ ಒಂದು ದಿನದ ಜ್ವರ, ಒಂದು ಗಳಿಗೆಯ ಅಲಕ್ಷ್ಯ ಸಾಲದೇ ಕೆಳಗುರುಳುವುದಕ್ಕೆ? ಹತ್ತನೆಯ ಸಲ, ೧೯೮೦ರಲ್ಲಿ, ವಿಜಯವಾಡದಲ್ಲಿ ಸೈಯದ್ ಮೋದಿಯೆಂಬ ತರುಣನು ಅವರನ್ನು ಸೋಲಿಸಿದನು. ಆ ಮೋದಿಯು ೧೯೮೭ರವರೆಗೆ ಎಂಟು ಸಲ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದನು. ೧೯೮೨ರಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳ ಚಿನ್ನವನ್ನೂ ತಂದನು. ಪ್ರಕಾಶರ ಸರಣಿಯನ್ನು ಮುರಿಯಲು ಇಂತಹವನೊಬ್ಬನು ಬೆಳೆದು ಬರಬೇಕಾಯಿತು.

ಎರಡನೆಯ ಮಾತು ಇಂಡೋನೇಷ್ಯದ ರೂಡಿ ಹಾರ್ಟೊನೊನನ್ನು ಕುರಿತದ್ದು. ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ೧೯೬೮ರಿಂದ ೧೯೭೪ರವರೆಗೆ ಏಳು ಸಲ ಸಾಲಾಗಿ, ೧೯೭೬ರಲ್ಲಿ ಎಂಟನೆಯ ಸಲ, ಗೆದ್ದವನು ಆತ. ಪ್ರಕಾಶರು ಬಾಲ್ಯದಲ್ಲಿ ಆದರ್ಶವೆಂದು ಭಾವಿಸಿದ್ದುದೂ ಆತನನ್ನೇ. ೧೯೮೦ರಲ್ಲಿ ವೆಂಬ್ಲಿಗೆ ಮುನ್ನ ನಡೆದ ಸ್ವೀಡನ್ನಿನ ಪಂದ್ಯದ ಅಂತಿಮ ಸುತ್ತಿನಲ್ಲಿ ಪ್ರಕಾಶರು ಆತನನ್ನು ಸೋಲಿಸಿದರು. ಹಳೆಯ ಹುಲಿಯೆಂದು ಸೋದರಳಿಯನು ಹೇಳಿದನಲ್ಲ, ಆ ಹುಲಿ ಮುಂದೆ ಏನು ಮಾಡಿತು? ಅದೇ ವರ್ಷ, ಎರಡು ಮೂರು ತಿಂಗಳೊಳಗೆ, ಜಕಾರ್ತದಲ್ಲಿ ಜಗತ್ತಿನ ಚಾಂಪಿಯನ್ ಪದವಿಯನ್ನು ಗೆದ್ದುಕೊಂಡಿತು! ಹಲ್ಲುದುರಿದ ಹುಲಿಗೆ ಇದು ಸಾಧ್ಯವೇ?

ಇನ್ನು ವೆಂಬ್ಲಿಯಲ್ಲಿ ಅಂತಿಮವಾಗಿ ಎದುರಾದವನು ಅದೇ ದೇಶದ ಲಿಯೆಮ್ ಸ್ವೀ ಕಿಂಗ್. ೧೯೭೮ರಲ್ಲಿಯೂ ೧೯೭೯ರಲ್ಲಿಯೂ ಅಲ್ಲಿ ಗೆದ್ದು ಮೂರನೆಯ ಸಲಕ್ಕೆ ಬಂದಿದ್ದವನು. ಹಾರಿ ಹೊಡೆಯುವ ಆತನ ಏಟಿಗೆ ಜಗತ್ತೇ ಅಂಜುತ್ತಿತ್ತು. ಪ್ರಕಾಶರು ಏಟಿಗೆ ಏಟು ಕೊಡಲು ಹೋಗಲಿಲ್ಲ. ಷಟಲನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಬಲೆಯ ಅಂಚಿಗೆ ಇಳಿಸುತ್ತ, ವೇಗವನ್ನು ತಗ್ಗಿಸುತ್ತ, ಆತನಿಗೆ ಹಾರುವ ಅವಕಾಶವನ್ನೇ ಕೊಡದೆ, ೧೫–೩, ೧೫–೧೦ರಿಂದ ಗೆದ್ದರು. ಸರ್ವೀಸು ಮಾಡಿದವನಿಗೆ ಮಾತ್ರವೇ ಅಂಕ ದೊರೆಯುತ್ತಿದ್ದ ಕಾಲದ ಲೆಕ್ಕವಿದು. ಮರುವರ್ಷ ಅದೇ ಅಂತಿಮ ಸುತ್ತಿನಲ್ಲಿ ಮೊದಲ ಆಟವನ್ನು ಪ್ರಕಾಶರೇ ಗೆದ್ದರೂ, ಮುಂದಿನ ಎರಡನ್ನು ಗೆದ್ದು ಕಿಂಗನು ಪ್ರಶಸ್ತಿಯನ್ನು ಮರಳಿ ಪಡೆದನು. ಪ್ರಕಾಶರು ಸೋತರೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಎದುರಾಳಿ ಎಂತಹವನೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಡೆಯದಾಗಿ ಚೀನದ ಮಾತು. ಸೋದರಳಿಯನ ವಾದದಲ್ಲಿ ತೂಕವುಳ್ಳದ್ದು ಇದೊಂದೇ. ಚೀನ ದೇಶವು ೧೯೮೧ರವರೆಗೆ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಸಂಘಕ್ಕೆ ಸೇರಿರಲಿಲ್ಲ; ಆದಕಾರಣ ಅದರ ಆಟಗಾರರು ಆಲ್ ಇಂಗ್ಲೆಂಡಿಗೆ ಬರುತ್ತಿರಲಿಲ್ಲ. ಅವರಲ್ಲಿ ಮಹಾ ಸಮರ್ಥರಿದ್ದರೆಂಬುದೂ ನಿಜವೇ. ಆದರೆ ಆ ಬಾಗಿಲನ್ನು ಮುಚ್ಚಿದವರು ಪ್ರಕಾಶರಲ್ಲ. ಈ ಕಾರಣದಿಂದ ಅವರ ಒಂದು ಗೆಲುವನ್ನು ಕಿರಿದುಗೊಳಿಸುವುದಾದರೆ, ಹಾರ್ಟೊನೊನ ಎಂಟು ಗೆಲುವುಗಳನ್ನೂ ಅಷ್ಟೇ ಕಿರಿದುಗೊಳಿಸಬೇಕು. ಹಾಗೆ ಮಾಡಿದವರನ್ನು ನಾವು ಕಂಡಿಲ್ಲ. ಅಲ್ಲದೆ "ಊರಿಗೆ ಬಂದವಳು ನೀರಿಗೆ ಬಾರದಿರುವಳೇ?" ಎಂಬ ಗಾದೆಯಂತೆ, ಚೀನದವರೂ ಕಡೆಗೆ ಬಂದರು. ೧೯೮೧ರಲ್ಲಿ ಕೌಲಾಲಂಪುರದಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಸುತ್ತಿನಲ್ಲಿ ಪ್ರಕಾಶರ ಎದುರಿಗೆ ನಿಂತವನು ಚೀನದ ಹಾನ್ ಜಿಯಾನ್. ಮೊದಲ ಆಟ ೧೫–೦! ಎರಡನೆಯದು ಬಿಗಿಯಾಗಿ ನಡೆದು ೧೮–೧೬. ಗೆದ್ದವರು ಪ್ರಕಾಶರು. ಹಾನ್ ಜಿಯಾನನು ಸಾಮಾನ್ಯನೇ ಎಂದು ಕೇಳುವವರಿಗೆ ಒಂದು ಮಾತು: ಆತನು ೧೯೮೫ರಲ್ಲಿ ಜಗತ್ತಿನ ಚಾಂಪಿಯನ್ ಆದನು. ವೆಂಬ್ಲಿಯ ದಾರಿ ಅಷ್ಟು ಸುಲಭವಾಗಿದ್ದ ಪಕ್ಷದಲ್ಲಿ ಇನ್ನೊಬ್ಬ ಭಾರತೀಯನು ಅದನ್ನು ನಡೆದು ಮುಗಿಸಲು ಇಪ್ಪತ್ತೊಂದು ವರ್ಷ ಬೇಕಾಗುತ್ತಿರಲಿಲ್ಲ. ೨೦೦೧ರಲ್ಲಿ ಅದನ್ನು ಸಾಧಿಸಿದ ಪುಲ್ಲೇಲ ಗೋಪಿಚಂದರೂ ಬೆಂಗಳೂರಿನಲ್ಲಿ ಪ್ರಕಾಶರ ಶಾಲೆಯಲ್ಲಿಯೇ ಪಳಗಿದವರು.

ಈ ಬಗೆಯ ಆಕ್ಷೇಪಣೆ ನಮ್ಮವರೊಬ್ಬರಿಗೇ ಮೀಸಲೆಂದು ತಿಳಿಯಬಾರದು. ಅಮೆರಿಕದ ಮುಷ್ಟಿಯುದ್ಧ ವೀರ ಜೋ ಲೂಯಿಯು ೧೯೩೭ರಿಂದ ೧೯೪೯ರವರೆಗೆ ಹೆವಿವೇಟ್ ಪದವಿಯನ್ನು ಇಪ್ಪತ್ತೈದು ಸಲ ಕಾಪಾಡಿಕೊಂಡನು. ೧೯೪೦ರ ಕೊನೆಯಿಂದ ೧೯೪೧ರ ಜೂನ್‌ವರೆಗೆ ಹೆಚ್ಚುಕಡಮೆ ತಿಂಗಳಿಗೊಬ್ಬನೊಡನೆ ಹೋರಾಡಿದನು. ಆಗ ಪತ್ರಿಕೆಗಳವರು ಆ ಎದುರಾಳಿಗಳಿಗೆ 'ತಿಂಗಳಿಗೊಬ್ಬ ಬಡಪಾಯಿ' ಎಂಬರ್ಥದ ಹೆಸರಿಟ್ಟು ನಕ್ಕರು. ಆದರೆ ಆ ಸಾಲಿನಲ್ಲಿ ಬಂದ ಬಡ್ಡಿ ಬೇಯರನು ಮೊದಲನೆಯ ಸುತ್ತಿನಲ್ಲಿಯೇ ಲೂಯಿಯನ್ನು ಹಗ್ಗದ ಆಚೆಗೆ ಕೆಡವಿದ್ದನು. ಅವನ ಬಳಿಕ ಬಂದ ಬಿಲ್ಲಿ ಕಾನನು ಹನ್ನೆರಡು ಸುತ್ತು ಮುಗಿದಾಗ ಅಂಕಗಳಲ್ಲಿ ಮುಂದಿದ್ದನು. ಹದಿಮೂರನೆಯ ಸುತ್ತಿನಲ್ಲಿ ಲೂಯಿಯು ಅವನನ್ನು ಉರುಳಿಸಿದನು. ಒಬ್ಬನೇ ಎಲ್ಲರನ್ನೂ ಸೋಲಿಸುತ್ತ ಹೋದರೆ, ಅವನ ಬಲ ನಮ್ಮ ಕಣ್ಣಿಗೆ ಬೀಳದೆ ಉಳಿದವರ ಬಲಹೀನತೆಯೇ ಕಾಣತೊಡಗುತ್ತದೆ. ಸೋತವರೂ ಬೆವರು ಸುರಿಸಿ ಬಂದವರೆಂಬುದನ್ನು ಮರೆತು, ಅವರನ್ನು ಬಡಪಾಯಿಗಳೆನ್ನುತ್ತೇವೆ. ಒಂದೇ ಮಾತಿನಿಂದ ಗೆದ್ದವನಿಗೂ ಸೋತವರಿಗೂ ಅನ್ಯಾಯ ಮಾಡುತ್ತೇವೆ.

ಇಷ್ಟನ್ನು ಹೇಳಿ ಮುಗಿಸಿದಾಗ ಸೋದರಳಿಯನು ನಕ್ಕು, "ಹದಿನೈದು ಸೊನ್ನೆಯ ವಿಷಯ ನನಗೆ ತಿಳಿದಿರಲಿಲ್ಲ ಮಾವ, ಒಪ್ಪಿದೆ" ಎಂದನು. ನಮ್ಮ ಮಗನು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದನು. ಏನೂ ಹೇಳದೆ ಒಳಗೆ ಹೋದನು. ಆತನು ಹೋದ ರೀತಿಯಿಂದ ನಮಗೆ ಹಳೆಯದೊಂದು ಸಂಗತಿ ನೆನಪಾಯಿತು.

ಮೂವತ್ತು ವರ್ಷಗಳ ಹಿಂದೆ ಆತನೂ ಇದೇ ಆಟವನ್ನು ಆಡುತ್ತಿದ್ದನು. ಕಾಲೇಜಿನ ದಿನಗಳಲ್ಲಿ ಒಂದು ಪಂದ್ಯವನ್ನು ಗೆದ್ದು, ರಾತ್ರಿ ಊಟದ ಹೊತ್ತಿಗೆ ಬಂದು ಹೇಳಿದಾಗ, ಪತ್ರಿಕೆಯಿಂದ ಕಣ್ಣೆತ್ತದೆಯೇ ನಾವು, "ಎದುರಿಗೆ ಯಾರಿದ್ದರು? ಒಳ್ಳೆಯ ಆಟಗಾರರಾರೂ ಬಂದಿರಲಿಲ್ಲವೇನೋ" ಎಂದಿದ್ದೆವು. ಪರೀಕ್ಷೆಯ ಕಾಲವಾದುದರಿಂದ ಗರ್ವ ಬಾರದಿರಲೆಂದು ಹಾಗೆ ನುಡಿದೆವೆಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಂಡೆವು. ಆ ವರ್ಷ ಆತನ ಬ್ಯಾಟು ಅಟ್ಟವನ್ನೇರಿತು, ಮತ್ತೆ ಇಳಿಯಲಿಲ್ಲ. ಪ್ರಕಾಶರಿಗೆ ಸೋದರಳಿಯನು ಮಾಡಿದ ಅನ್ಯಾಯದಿಂದ ಅವರಿಗೇನೂ ನಷ್ಟವಿಲ್ಲ. ಅವರ ಗೆಲುವುಗಳು ದಾಖಲೆಯಲ್ಲಿವೆ. ನಮ್ಮ ಮಗನ ಗೆಲುವಿಗೆ ದಾಖಲೆ ಯಾವುದು? ನಾವು ಮೆಚ್ಚಿ ಆಡಬೇಕಾಗಿದ್ದ ಒಂದು ಮಾತೇ ಆಗಿತ್ತು.

ಆ ರಾತ್ರಿ ಊಟವಾದ ಮೇಲೆ ಆತನನ್ನು ಕರೆದು, "ಅಂದು ನೀನು ಚೆನ್ನಾಗಿ ಆಡಿದ್ದೆಯಪ್ಪ; ನಾನು ಹಾಗೆ ಹೇಳಬಾರದಾಗಿತ್ತು" ಎಂದೆವು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೃದುವಾಗಿಯೇ, "ನೀವು ಆಟ ನೋಡುವುದಕ್ಕೆ ಬಂದಿರಲೇ ಇಲ್ಲವಲ್ಲ ಅಪ್ಪ" ಎಂದನು. ನಮಗೆ ಉತ್ತರ ತೋಚಲಿಲ್ಲ. ಇಷ್ಟು ಕಾಲವೂ ನಾವು ಎದುರಿಗೆ ಯಾರಿದ್ದರೆಂಬುದನ್ನು ಕೇಳಿದ್ದೆವೇ ಹೊರತು, ನಾವು ಅಲ್ಲಿರಲಿಲ್ಲವೆಂಬುದನ್ನು ಯೋಚಿಸಿರಲಿಲ್ಲ.

ಹಿಂದಿನ ಬೀದಿಯ ದೊಡ್ಡ ಹುಡುಗನು ಮುಂದಿನ ವಾರ ಊರಿನಿಂದ ಬಂದನು. ಮೊಮ್ಮಗನು ತಾನಾಗಿಯೇ ಹೋಗಿ ಅವನನ್ನು ಆಟಕ್ಕೆ ಕರೆದನು. ಭಾನುವಾರ ಸಂಜೆ ಬೀದಿಯಲ್ಲಿ ಹಗ್ಗ ಕಟ್ಟಿದರು. ನಾವೂ ಕೋಲೂರಿಕೊಂಡು ಹೋಗಿ ಒಂದು ಕುರ್ಚಿಯಲ್ಲಿ ಕುಳಿತೆವು. ನಮ್ಮ ಮಗನು ಪಕ್ಕದಲ್ಲಿ ನಿಂತಿದ್ದನು. ಮೊಮ್ಮಗನು ಒಂದು ಆಟವನ್ನು ಗೆದ್ದು, ಎರಡನ್ನು ಸೋತನು. ಮನೆಗೆ ಬಂದವನು ಕೈಕಾಲು ತೊಳೆದುಕೊಂಡು, ಪತ್ರಿಕೆಗಳ ಹಿಂದಿದ್ದ ಕಪ್ಪನ್ನು ತೆಗೆದು, ಧೂಳೊರೆಸಿ, ಎಲ್ಲರಿಗೂ ಕಾಣುವಂತೆ ಗೂಡಿನಲ್ಲಿಟ್ಟನು. ಏಕೆಂದು ನಾವು ಕೇಳಲಿಲ್ಲ. ಅಟ್ಟದ ಮೇಲಿನ ಹಳೆಯ ಬ್ಯಾಟಿಗೆ ಹೊಸ ಜಾಲರಿ ಹಾಕಿಸಲು ಎಷ್ಟಾಗುತ್ತದೆಂದು ಆತನ ತಂದೆಯು ಆ ರಾತ್ರಿ ವಿಚಾರಿಸುತ್ತಿದ್ದುದು ನಮ್ಮ ಕಿವಿಗೆ ಬಿದ್ದಿತು.