ಸೈಕಲ್ಲಿನ ಕೆಂಪು ಕಣ್ಣು

ಮಕ್ಕಳೇ, ಅಪ್ಪನ ಬೈಕಿಗೆ ನಂಬರ್ ಪ್ಲೇಟ್ ಇದೆ. ನಿಮ್ಮ ಸೈಕಲ್ಲಿಗೆ ಏಕಿಲ್ಲ? ಎಂದಾದರೂ ಯೋಚಿಸಿದ್ದೀರಾ? 1988ರ ಮೋಟಾರು ವಾಹನಗಳ ಕಾಯ್ದೆಯ ಪ್ರಕಾರ ಯಂತ್ರಶಕ್ತಿಯಿಂದ ಓಡುವುದು ಮಾತ್ರ ಮೋಟಾರು ವಾಹನ. ಸೈಕಲ್ಲನ್ನು ಓಡಿಸುವುದು ನಿಮ್ಮ ಕಾಲು. ಬೆಳಿಗ್ಗೆ ತಿಂದ ಮುದ್ದೆಯೋ ರೊಟ್ಟಿಯೋ ಅದಕ್ಕೆ ಇಂಧನ! ಹಾಗಾಗಿ ಸೈಕಲ್ಲಿಗೆ ನೋಂದಣಿ ಬೇಡ, ನಿಮಗೆ ಲೈಸೆನ್ಸ್ ಬೇಡ. ಎತ್ತಿನ ಗಾಡಿ, ತಳ್ಳುವ ಗಾಡಿಗಳೂ ಮೋಟಾರು ವಾಹನಗಳಲ್ಲ. ಹಿಂದೆ ಅನೇಕ ಊರುಗಳಲ್ಲಿ ಪುರಸಭೆಯವರು ಸೈಕಲ್ಲಿಗೂ ತೆರಿಗೆ ಹಾಕಿ ಒಂದು ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ಇಲ್ಲದಿದ್ದರೆ, ಕತ್ತಲಾದ ಮೇಲೆ ದೀಪವಿಲ್ಲದಿದ್ದರೆ, ಡಬಲ್ ರೈಡ್ ಮಾಡಿದರೆ ಪೊಲೀಸರು ಹಿಡಿಯುತ್ತಿದ್ದರಂತೆ. ನಿಮ್ಮ ಅಜ್ಜನನ್ನು ಕೇಳಿ ನೋಡಿ, ಒಂದೆರಡು ಒಳ್ಳೆಯ ಕಥೆಗಳು ಸಿಕ್ಕೇ ಸಿಗುತ್ತವೆ.

"ಹಾಗಾದರೆ ಈಗ ಸೈಕಲ್ಲಿಗೆ ರೂಲ್ಸೇ ಇಲ್ಲ ಅಲ್ವಾ ಮೇಡಂ?" ಎಂದು ನಾನು ಭೇಟಿ ಕೊಟ್ಟ ಶಾಲೆಯೊಂದರಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಬಹಳ ಸಂತೋಷದಿಂದ ಕೇಳಿದ. ಇದೆಯಪ್ಪಾ, ಇದೆ. ರಸ್ತೆ ಸಂಚಾರದ ಬಗ್ಗೆ 1968ರಲ್ಲಿ ವಿಯೆನ್ನಾ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. 1980ರಲ್ಲಿ ಭಾರತವೂ ಅದಕ್ಕೆ ಸೇರಿತು. ಸೈಕಲ್ಲಿಗೆ ಸರಿಯಾದ ಬ್ರೇಕ್, ಗಂಟೆ, ಹಿಂಭಾಗದಲ್ಲಿ ಕೆಂಪು ರಿಫ್ಲೆಕ್ಟರ್ ಇರಬೇಕು ಎಂದು ಅದು ಹೇಳುತ್ತದೆ. ಎರಡೂ ಕೈ ಬಿಟ್ಟು ಓಡಿಸಬಾರದು. ಬೇರೆ ವಾಹನದಿಂದ ಎಳೆಸಿಕೊಂಡು ಹೋಗಬಾರದು. (ಕಬ್ಬಿನ ಟ್ರಾಕ್ಟರಿನ ಹಿಂದೆ ನೇತಾಡಿಕೊಂಡು ಹೋಗುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಿ!) ದೊಡ್ಡ ವಾಹನಗಳ ಚಾಲಕರಿಗೂ ಕರ್ತವ್ಯವಿದೆ. ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರ ಬಗ್ಗೆ ವಿಶೇಷ ಎಚ್ಚರ ವಹಿಸಬೇಕೆಂದು ನಮ್ಮ ದೇಶದ 2017ರ ಚಾಲನಾ ನಿಯಮಗಳಲ್ಲಿದೆ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ ಎಡಗಡೆ ಹೋಗುವುದು. ಆದರೆ ಅನೇಕ ಮಕ್ಕಳು ಬಲಗಡೆಯೇ ಬರುತ್ತಾರೆ. ಕೇಳಿದರೆ, "ಎದುರಿಗೆ ಬರೋದು ಕಾಣುತ್ತಲ್ಲ ಮೇಡಂ, ಅದೇ ಒಳ್ಳೇದು" ಎನ್ನುತ್ತಾರೆ. ಇದು ತರ್ಕವಿಲ್ಲದ ಮಾತೇನಲ್ಲ. ಬನ್ನಿ, ಒಂದು ಲೆಕ್ಕ ಹಾಕೋಣ. ನಿಮ್ಮ ಸೈಕಲ್ಲಿನ ವೇಗ ಗಂಟೆಗೆ 15 ಕಿಲೋಮೀಟರ್, ಜೀಪಿನ ವೇಗ 60 ಎಂದಿರಲಿ. ಇಬ್ಬರೂ ಒಂದೇ ದಿಕ್ಕಿನಲ್ಲಿದ್ದರೆ ಜೀಪು ನಿಮ್ಮನ್ನು ಸಮೀಪಿಸುವ ವೇಗ 60ರಲ್ಲಿ 15 ಕಳೆದರೆ 45. ಎದುರುಬದುರಾದರೆ 60ಕ್ಕೆ 15 ಕೂಡಿಸಿ 75. ತಿರುವಿನಲ್ಲಿ 50 ಮೀಟರ್ ದೂರದಲ್ಲಿ ಚಾಲಕ ನಿಮ್ಮನ್ನು ಕಂಡ ಎನ್ನೋಣ. ನೀವು ಎಡಬದಿಯಲ್ಲಿದ್ದರೆ ಅವನಿಗೆ 4 ಸೆಕೆಂಡು ಸಮಯವಿದೆ. ಬಲಬದಿಯಲ್ಲಿದ್ದರೆ 2.4 ಸೆಕೆಂಡು ಮಾತ್ರ. ಕಣ್ಣು ಕಂಡದ್ದನ್ನು ಮೆದುಳು ಗ್ರಹಿಸಿ ಕಾಲು ಬ್ರೇಕ್ ಒತ್ತುವುದರೊಳಗೆ ಸುಮಾರು ಒಂದು ಸೆಕೆಂಡು ಹೋಗಿಬಿಡುತ್ತದೆ. ಉಳಿದದ್ದೆಷ್ಟು, ನೀವೇ ಕಳೆದು ನೋಡಿ.

"ನಡೆಯುವವರು ಬಲಗಡೆ ನಡೆಯಬೇಕು ಅಂತಾರಲ್ಲ?" ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. ಚೆನ್ನಾಗಿ ಹಿಡಿದಳು! ಕಾಲುದಾರಿ ಇಲ್ಲದ ರಸ್ತೆಯಲ್ಲಿ ನಡೆಯುವವರು ವಾಹನಗಳಿಗೆ ಎದುರಾಗಿ ನಡೆಯುವುದು ಲೇಸು ಎಂದು ಅದೇ ವಿಯೆನ್ನಾ ಒಪ್ಪಂದದಲ್ಲಿದೆ. ಏಕೆಂದರೆ ನಡೆಯುವವನ ವೇಗ ಗಂಟೆಗೆ 5 ಕಿಲೋಮೀಟರ್ ಅಷ್ಟೆ. ಅವನು ತಟ್ಟನೆ ನಿಲ್ಲಬಲ್ಲ, ಪಕ್ಕಕ್ಕೆ ಹಾರಬಲ್ಲ. ಸೈಕಲ್ಲು ಪಕ್ಕಕ್ಕೆ ಹಾರುವುದಿಲ್ಲ. ಅದು ವಾಲಬೇಕು, ಆಮೇಲೆ ತಿರುಗಬೇಕು.

ವೇಗಗಳ ಅಂತರ ತೀರಾ ಹೆಚ್ಚಾದರೆ ಎಡಬದಿಯೂ ಸಾಲದು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜೊತೆಗೆ ಮೋಟಾರುರಹಿತ ವಾಹನಗಳನ್ನೂ ನಿಷೇಧಿಸಲಾಯಿತು. ಅವು ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಅಲ್ಲಿ ಕಾರುಗಳು 100ರ ವೇಗದಲ್ಲಿ ಬಂದರೆ ಆ 50 ಮೀಟರ್ ಮುಗಿಯಲು ಎಷ್ಟು ಸೆಕೆಂಡು ಎಂಬುದನ್ನು ನಿಮ್ಮ ಲೆಕ್ಕಕ್ಕೆ ಬಿಟ್ಟಿದ್ದೇನೆ.

ಈಗ ಕೆಂಪು ಕಣ್ಣಿನ ವಿಷಯಕ್ಕೆ ಬರೋಣ. ನನ್ನ ಚಿಕ್ಕಪ್ಪ ವ್ಯವಸಾಯಗಾರರು. ಒಂದು ಸಂಜೆ ಗದ್ದೆಯಿಂದ ಸೈಕಲ್ಲಿನ ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ಎಡಬದಿಯಲ್ಲೇ ಬರುತ್ತಿದ್ದರು. ಹಿಂದಿನಿಂದ ಬಂದ ವ್ಯಾನು ಗುದ್ದಿತು. ಅವರ ಎಡಗಾಲು ಇಂದಿಗೂ ಪೂರ್ತಿ ಮಡಚುವುದಿಲ್ಲ, ಊಟಕ್ಕೆ ಕುರ್ಚಿಯ ಮೇಲೇ ಕೂರಬೇಕು. "ಏನೂ ಕಾಣಿಸಲೇ ಇಲ್ಲ" ಎಂದು ಆ ಚಾಲಕ ಅಳುತ್ತಾ ಹೇಳಿದ. ಊರಿನವರು ನಂಬಲಿಲ್ಲ. ನಾನು ನಂಬುತ್ತೇನೆ. ಮಡ್‌ಗಾರ್ಡಿನ ಮೇಲೆ ರಿಫ್ಲೆಕ್ಟರ್ ಇತ್ತು, ಆದರೆ ಇಳಿಬಿದ್ದ ಹುಲ್ಲು ಅದನ್ನು ಮುಚ್ಚಿತ್ತು. ಒಣಹುಲ್ಲು ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿಬಿಡುತ್ತದೆ. ಚಾಲಕನ ಕಣ್ಣಿಗೆ ಮರಳಿ ಬರುವುದು ಅದರ ಅತ್ಯಲ್ಪ ಭಾಗ.

ರಿಫ್ಲೆಕ್ಟರ್ ಹಾಗಲ್ಲ. ಅದು ಬೆಳಕನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ. ಸಾಮಾನ್ಯ ಕನ್ನಡಿಯಲ್ಲಿ ಪತನ ಕೋನ ಮತ್ತು ಪ್ರತಿಫಲನ ಕೋನ ಸಮ ಎಂದು ನೀವು ಓದಿದ್ದೀರಿ. ಓರೆಯಾಗಿ ಬಿದ್ದ ಬೆಳಕು ಆಚೆ ಕಡೆಗೆ ಓರೆಯಾಗಿಯೇ ಹೋಗುತ್ತದೆ. ಎರಡು ಚಿಕ್ಕ ಕನ್ನಡಿಗಳನ್ನು ತೆರೆದ ಪುಸ್ತಕದಂತೆ ಸರಿಯಾಗಿ 90 ಡಿಗ್ರಿಗೆ ಮೇಜಿನ ಮೇಲೆ ನಿಲ್ಲಿಸಿ. ಕೋಣೆ ಕತ್ತಲೆ ಮಾಡಿ, ಮೇಜಿನ ಮಟ್ಟದಲ್ಲಿ ಟಾರ್ಚ್ ಹಿಡಿದು ಮೂಲೆಯತ್ತ ಬೆಳಕು ಬಿಡಿ. ಟಾರ್ಚನ್ನು ಸ್ವಲ್ಪ ಎಡಕ್ಕೆ, ಬಲಕ್ಕೆ ಸರಿಸಿದರೂ ಬೆಳಕು ನಿಮ್ಮ ಕಡೆಗೇ ಮರಳುತ್ತದೆ! ಮೇಲಿನಿಂದ, ಕೆಳಗಿನಿಂದ ಬರುವ ಬೆಳಕನ್ನೂ ಹೀಗೆ ಮರಳಿಸಲು ಮೂರನೆಯ ಮುಖ ಬೇಕು. ಸೈಕಲ್ಲಿನ ರಿಫ್ಲೆಕ್ಟರನ್ನು ಹತ್ತಿರದಿಂದ ನೋಡಿ. ಒಳಗೆ ಇಂಥ ಮೂರು ಮುಖದ ಪುಟ್ಟ ಪುಟ್ಟ ಮೂಲೆಗಳು ಸಾಲುಸಾಲಾಗಿ ಕಾಣುತ್ತವೆ.

ಇದೇ ತತ್ತ್ವದ ಉಪಕರಣವನ್ನು 1969ರಲ್ಲಿ ಅಪೋಲೋ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟು ಬಂದರು. 2023ರಲ್ಲಿ ಇಳಿದ ನಮ್ಮ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೂ ಎಂಟು ಮೂಲೆಗಳ ಅಂಥದೊಂದು ಪುಟ್ಟ ಉಪಕರಣವಿದೆ. ನಾಸಾದ ನೌಕೆಯೊಂದು ಚಂದ್ರನ ಸುತ್ತ ತಿರುಗುತ್ತಾ ಅದರತ್ತ ಲೇಸರ್ ಬಿಟ್ಟು, ಮರಳಿದ ಬೆಳಕನ್ನು ಹಿಡಿದಿದೆ. ನಿಮ್ಮ ಮಡ್‌ಗಾರ್ಡಿನ ಮೇಲಿರುವುದು ಅದರದೇ ಬಡ ಸಂಬಂಧಿ ಎನ್ನಬಹುದು.

ಹಳೆಯ ಸೈಕಲ್ಲುಗಳಲ್ಲಿ ಟೈರಿಗೆ ಉಜ್ಜಿ ತಿರುಗುವ ಡೈನಮೋ ಇರುತ್ತಿತ್ತು. ಚಕ್ರ ನಿಂತರೆ ದೀಪವೂ ಆರುತ್ತಿತ್ತು. ರಿಫ್ಲೆಕ್ಟರಿಗೆ ಚಕ್ರವೂ ಬೇಡ, ಬ್ಯಾಟರಿಯೂ ಬೇಡ. ಕೆಸರು ಮೆತ್ತದೆ, ಹುಲ್ಲು, ಚೀಲಗಳ ಮರೆಯಾಗದೆ ಇದ್ದರೆ ಸಾಕು. ಆದರೆ ಅದಕ್ಕೆ ಸ್ವಂತ ಬೆಳಕಿಲ್ಲ ಎಂಬುದು ನೆನಪಿರಲಿ. ಹೆಡ್‌ಲೈಟ್ ಇಲ್ಲದ ಎತ್ತಿನ ಗಾಡಿಯವನಿಗೆ ಅದು ಕಾಣುವುದಿಲ್ಲ. ಅದಕ್ಕೇ ಆ ಒಪ್ಪಂದದಲ್ಲಿ ದೀಪವನ್ನೂ ಸೇರಿಸಿದ್ದಾರೆ.

ನಾಳೆ ನಿಮ್ಮ ಶಾಲೆಯಲ್ಲಿ ನಿಲ್ಲಿಸಿರುವ ಸೈಕಲ್ಲುಗಳ ಹಿಂದೆ ಹೋಗಿ ಎಣಿಸಿ. ಒಟ್ಟು ಎಷ್ಟು ಸೈಕಲ್ಲು? ಎಷ್ಟಕ್ಕೆ ಕೆಂಪು ಕಣ್ಣು ಇದೆ? ಎಷ್ಟು ಒಡೆದಿವೆ? ಕ್ಯಾರಿಯರಿಗೆ ಪಾಟಿಚೀಲ ಕಟ್ಟಿದಾಗ ಎಷ್ಟು ಮುಚ್ಚಿಹೋಗುತ್ತವೆ? ನಿಮ್ಮ ಊರಿನ ಎತ್ತಿನ ಗಾಡಿಗಳನ್ನೂ ಬಿಡಬೇಡಿ. ಒಂದು ಕೋಷ್ಟಕ ಮಾಡಿ, ನಿಮ್ಮ ಶಿಕ್ಷಕರಿಗೆ ತೋರಿಸಿ, ನಮಗೆ ಬರೆದು ಕಳಿಸಿ.