ರಂಗನತಿಟ್ಟು: ನೀರು ಏರಿದರೂ ಕಷ್ಟ, ಇಳಿದರೂ ಕಷ್ಟ

ಮೈಸೂರಿನಿಂದ ಸುಮಾರು 16 ಕಿ.ಮೀ. ದೂರದಲ್ಲಿ, ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಇದೆ ರಂಗನತಿಟ್ಟು. 17ನೇ ಶತಮಾನದಲ್ಲಿ ಕಾವೇರಿಗೆ ಒಡ್ಡು ಕಟ್ಟಿದಾಗ ಉಂಟಾದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣವೆಂಬ ಗೌರವವೂ ಸಂದಿತು.

ದೋಣಿ ಏರಿದರೆ ಹೆಜ್ಜಾರ್ಲೆ, ಬಾಯಿಕಳಕ, ನೀರುಕಾಗೆಗಳ ಸಂಸಾರವೆಲ್ಲ ಕೈಗೆಟಕುವಷ್ಟು ಹತ್ತಿರ. ಬಂಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುವ ಮೊಸಳೆಗೆ ಯಾವ ಅವಸರವೂ ಇಲ್ಲ. ಸುತ್ತ ಹರಿಯುವ ನೀರೇ ಇಲ್ಲಿನ ಗೂಡುಗಳಿಗೆ ಬೇಲಿ.

ಆ ಬೇಲಿಯನ್ನು ಈಗ ನಂಬುವಂತಿಲ್ಲ. 2018 ಮತ್ತು 2019ರ ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಬಿಟ್ಟ ನೀರು ನಡುಗಡ್ಡೆಗಳಿಗೇ ನುಗ್ಗಿತು. ತಗ್ಗಿನ ಗೂಡುಗಳು ಕೊಚ್ಚಿಹೋದವು. 2023ರಲ್ಲಿ ಬರ, ಜಲಾಶಯ ತುಂಬಲೇ ಇಲ್ಲ. ಹರಿವು ಸೊರಗಿದರೆ ನಾಯಿಗಳಿಗೂ ದಾರಿ ಸಲೀಸು.

ಒಂದು ನೆರೆಗೋ ಬರಕ್ಕೋ ಹವಾಮಾನ ಬದಲಾವಣೆಯನ್ನಷ್ಟೇ ದೂರಲಾಗದು. ಆದರೆ ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಸುರಿದರೆ ಒಮ್ಮೆಗೇ ಸುರಿಯುತ್ತದೆ. ಮಳೆ ಕೈಕೊಟ್ಟರೆ ನೆಲ ಬೇಗ ಒಣಗುತ್ತದೆ. ಕೊಚ್ಚಿಹೋಗುವ ಮಣ್ಣನ್ನು ತಡೆಯಲು ಅರಣ್ಯ ಇಲಾಖೆ ನಡುಗಡ್ಡೆಗಳ ಅಂಚಿಗೆ ಮರಳು ಮೂಟೆ ಪೇರಿಸಿದ್ದುಂಟು.

ಮುಂದಿನ ರಜೆಯಲ್ಲಿ ಮಕ್ಕಳೊಡನೆ ಹೋದಾಗ ಹಕ್ಕಿಗಳನ್ನು ಎಣಿಸುವುದರ ಜೊತೆಗೆ, ಗೂಡಿಗೂ ನೀರಿಗೂ ಎಷ್ಟು ಅಂತರವಿದೆ ಎಂಬುದನ್ನೂ ನೋಡಿ ಬನ್ನಿ.